ತಿರುಗುವ ಕುರ್ಚಿಗೊಂದು ಟೈ

ಎಲ್ಲ ಅವಾಂತರಕ್ಕೂ ಕಾರಣ ಒಂದು ಟೈ.

ಕೇರಿಯವರೆಲ್ಲ 'ಅರ್ಜೆಂಟ್' ಎಂದೇ ಕರೆಯುವ ನಮ್ಮ ಹುಡುಗನಿಗೆ ಮೂರು ವರ್ಷದ ಡಿಗ್ರಿಯನ್ನು ಎರಡೇ ವರ್ಷದಲ್ಲಿ ಮುಗಿಸುವ ಹಟ. ಸುಮ್ಮನೆ ಅಲ್ಲ. ಅವನ ಸೋದರಮಾವ ಅಟೆಂಡರ್ ಆಗಿರುವ ಆಫೀಸಿನಲ್ಲಿ ಹೆಡ್ ಗುಮಾಸ್ತರು ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ಡಿಗ್ರಿ ಬೇಕು. ಗಾಲಿಯಿರುವ, ಗಿರ್ರನೆ ತಿರುಗುವ ಕುರ್ಚಿ. ಅದನ್ನು ಕಂಡು ಬಂದಾಗಿನಿಂದ ಪಾಪ, ಮನೆಯ ಸ್ಟೂಲಿನ ಮೇಲೆ ಕೂತರೂ ಒಂದು ಸುತ್ತು ತಿರುಗಿಯೇ ಮಾತಾಡುತ್ತಿದ್ದ.

ಸಂಜೆ ಕಾಲೇಜಿನವರು ಈ ಎರಡು ವರ್ಷದ ಡಿಗ್ರಿಗೆ ಕೊಡುವ ಸೀಟು ಬೆರಳೆಣಿಕೆಯಷ್ಟು. ಕೆಲಸಕ್ಕೆ ಏನು ತಯಾರಿ ಮಾಡಿಕೊಂಡಿದ್ದೀರಿ ಎಂದು ಪ್ರಿನ್ಸಿಪಾಲರು ಕೇಳುತ್ತಾರೆ. ಉತ್ತರ ಮೆಚ್ಚಿದರೆ ಸೀಟು. ಇವತ್ತೇ ಕೊನೆಯ ದಿನ.

"ಕ್ಲಾಸು ಸಂಜೆ ಹೊತ್ತೇನಾ? ಆಫೀಸು ಬಿಟ್ಮೇಲೂ ಹೋಗ್ಬಹುದಾ?" ಎಂದು ಮಾವ ಬೆಳಿಗ್ಗೆಯೇ ವಿಚಾರಿಸಿದರು.

"ಹೋಗ್ಬಹುದು ಮಾವ. ವಯಸ್ಸಿನ ತಕರಾರೂ ಇಲ್ಲ."

"ಭಲೇ! ನಡಿ, ನಾನೂ ಜೊತೆಗೆ ಬರ್ತೀನಿ."

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಅಡ್ಡ ಬಂದರು. "ಕೆಲಸಕ್ಕೆ ತಯಾರಾದ ಮುಖಾನೇನೋ ಇದು? ಟೈ ಎಲ್ಲಿ?" ಎಂದವರೇ ತಮ್ಮ ಟೈ ತಂದು, ಉಸಿರು ಬಿಗಿಹಿಡಿದು ಗಂಟು ಹಾಕಿದರು.

ಕಾಲೇಜಿನ ಸರದಿಯಲ್ಲಿ ನಿಂತು ಹುಡುಗ ಉತ್ತರವನ್ನು ಒಮ್ಮೆ ಹೇಳಿ ನೋಡಲು ಬಾಯಿ ತೆರೆದ. ಕುಕ್ಕರಿನ ಸೀಟಿಯಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಗಂಟು ಮಾವನಿಗೂ ಜಗ್ಗಲಿಲ್ಲ.

"ಓಡು, ಮೂಲೆ ಟೈಲರ್ ಹತ್ರ ಬಿಚ್ಚಿಸ್ಕೊಂಡು ಬಾ. ನಿನ್ನ ಜಾಗದಲ್ಲಿ ನಾನು ನಿಂತಿರ್ತೀನಿ," ಎಂದರು ಮಾವ.

ಟೈಲರ್ ಕತ್ತರಿ ಎತ್ತಿದ್ದೇ ತಡ, ಹಾದಿಯಲ್ಲಿ ಹೋಗುತ್ತಿದ್ದ ಮೇಷ್ಟ್ರು ಒಳಗೆ ನುಗ್ಗಿದರು. "ಕತ್ತರಿಸಿದ್ರೆ ನೋಡು! ಅದು ನನ್ನ ಮದುವೆ ಟೈ!"

ಟೈಲರ್ ಬೆಚ್ಚಿಬಿದ್ದ. ಕಾಲು ಪೆಡಲ್ ಮೇಲೆ ಬಿತ್ತು. ಮಷಿನ್ ಮೇಲೆ ಯಾರದೋ ಮನೆಯ ಕಿಟಕಿ ಪರದೆ ಇತ್ತು. ಬಗ್ಗಿದ್ದ ಹುಡುಗನ ಟೈ ಪರದೆಯ ಜೊತೆ ಟರ್ರನೆ ಹೊಲಿದುಹೋಯಿತು. ಗುಂಡಿ ಹೊಲಿಯುವ ಸೂಜಿಯಿಂದ ಗಂಟೇನೋ ಮಾತು ಬರುವಷ್ಟು ಸಡಿಲವಾಯಿತು, ಟೈ ಕಳಚುವಷ್ಟಲ್ಲ. ಹೊಲಿಗೆ ಬಿಚ್ಚಿಸಲು ಪುರುಸೊತ್ತೆಲ್ಲಿ? ಹೂವಿನ ಚಿತ್ತಾರದ ಪರದೆಯನ್ನು ಎಳೆದುಕೊಂಡೇ ಅರ್ಜೆಂಟ್ ಕಾಲೇಜಿಗೆ ಓಡಿದ.

"ನಾಟಕದವರು ಹಿಂದಿನ ಬಾಗಿಲಿಂದ!" ಎಂದು ವಾಚ್‌ಮನ್ ಗೇಟಿನಲ್ಲೇ ತಡೆದ. ಅವನನ್ನು ಒಪ್ಪಿಸಿ ಒಳಗೆ ಬರುವಷ್ಟರಲ್ಲಿ ಮಾವ ಪ್ರಿನ್ಸಿಪಾಲರ ಕೋಣೆಯಿಂದ ಹಲ್ಲು ಕಿರಿಯುತ್ತ ಹೊರಬಂದರು.

"ಸೀಟು ಸಿಕ್ತು ಕಣೋ! ಕೊಟ್ಟಕೊನೇದು!"

ಹುಡುಗ ಪರದೆ ಸಮೇತ ಮಾವನನ್ನು ತಬ್ಬಿಕೊಂಡ. "ನನ್ನ ಪರವಾಗಿ ನೀವೇ ಉತ್ತರ ಹೇಳಿದ್ರಾ ಮಾವ?"

"ನಿನ್ನ ಪರವಾಗಿ ಹೇಳೋಕೆ ಬಿಡಲ್ವಂತೆ. ಬೇರೆಯವರ ಪಾಲಾಗ್ಬಾರ್ದು ಅಂತ ನಾನೇ ತಗೊಂಡೆ. 'ತಯಾರಿ ಏನು' ಅಂದ್ರು. ಇಪ್ಪತ್ತು ವರ್ಷದಿಂದ ಆ ಕುರ್ಚಿ ಧೂಳು ಒರೆಸ್ತಾ ಇದ್ದೀನಿ ಸಾರ್, ಒಂದಿನ ಕೂತು ನೋಡ್ಬೇಕು ಅಂದೆ. ಪಾಪ, ಕಣ್ಣೊರೆಸ್ಕೊಂಡು ಸಹಿ ಹಾಕಿದ್ರು."

ಅರ್ಜೆಂಟ್ ಮಾವನನ್ನು ಬಿಟ್ಟು ಹಿಂದೆ ಸರಿದ. "ಹಾಗಾದ್ರೆ ನನ್ನ ಗತಿ?"

"ನಿನ್ನ ಕೈಬಿಡ್ತೀನೇನೋ ಅಳಿಯ? ನಾನು ಕುರ್ಚಿಗೆ ಹೋದ ದಿನಾನೇ ಅಟೆಂಡರ್ ಪೋಸ್ಟು ಖಾಲಿ. ಅದಕ್ಕೆ ಡಿಗ್ರಿನೂ ಬೇಡ, ಟೈನೂ ಬೇಡ." ಮಾವ ಪರದೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಧೂಳು ಒರೆಸೋಕೆ ಒಂದು ಬಟ್ಟೆ ಬೇಕು, ಅಷ್ಟೇ. ಇದು ಚೆನ್ನಾಗಿದೆ, ಇಟ್ಕೊಂಡಿರು."