ಭಾವನ ಸಾಲ, ಭಾವಮೈದನ ಅಂಗಡಿ

ಲಾಂಡ್ರಿ ಭಾವ ಬಯಸಿದ್ದು ಬಿಸಿಲೇರುವ ತನಕ ಮಲಗುವ ಸುಖ, ಅಷ್ಟೇ. ಅದೇ ಎಲ್ಲ ಫಜೀತಿಗೂ ಮೂಲ.

ಹೆಂಡತಿಯ ತಮ್ಮ ಕರೆಯುವುದನ್ನು ಕೇಳಿ ಕೇಳಿ ಆತ ಬೀದಿಗೆಲ್ಲ ಭಾವನೇ ಆಗಿಬಿಟ್ಟಿದ್ದ. ಸರ್ಕಾರ ಜಾಮೀನು ನಿಂತ ಸಾಲ ತೆಗೆದು ಬಟ್ಟೆ ಒಗೆಯುವ ದೊಡ್ಡ ಮೆಷಿನ್ ಹಾಕಿಸಿದ್ದ. ಅಂದಿನಿಂದ ಮೆಷಿನ್ನಿಗಿಂತ ಅವನ ತಲೆ ತಿರುಗಿದ್ದೇ ಹೆಚ್ಚು. ಸೊಂಟವೂ ಸೋತಿತ್ತು. ಕೆಲಸವಿಲ್ಲದೆ ಅಲೆಯುತ್ತಿದ್ದ ಭಾವಮೈದ, “ಅಂಗಡಿ ನಾನು ನಡೆಸ್ತೀನಿ ಭಾವ, ಸಾಲಾನೂ ನಾನೇ ತೀರಿಸ್ತೀನಿ” ಎಂದದ್ದೇ ತಡ, ಭಾವ ಹೆಸರು ಬದಲಿಸುವ ಅರ್ಜಿಗೆ ಸಹಿ ಹಾಕಿ ಬ್ಯಾಂಕಿಗೆ ಕೊಟ್ಟು ಬಂದ.

ಹೊಸಬನಿಗೆ ಕೆಲಸ ಬರುತ್ತದೆಯೇ ಎಂದು ಕಣ್ಣಾರೆ ನೋಡದೆ ಬ್ಯಾಂಕಿನವರು ಸಾಲವನ್ನು ಅವನ ಹೆಸರಿಗೆ ಮಾಡುವಂತಿರಲಿಲ್ಲ. ಆ ನೋಡುವ ದಿನ ಇವತ್ತೇ. ಭಾವಮೈದ ಲೆಕ್ಕದಲ್ಲಿ ಜಾಣ, ಮಾತಿನಲ್ಲಿ ಮಲ್ಲ. ಬೆಳಿಗ್ಗೆ ಪರೀಕ್ಷೆಗೆಂದು ಒಂದು ಶರ್ಟಿಗೆ ಇಸ್ತ್ರಿ ಹಾಕಿದ. ಅದರ ಬೆನ್ನು ಸುಟ್ಟು ಇಸ್ತ್ರಿಪೆಟ್ಟಿಗೆಯ ಪಡಿಯಚ್ಚು ಮೂಡಿತು.

“ಮುಗೀತು ನನ್ನ ಕತೆ!” ಭಾವ ತಲೆಯ ಮೇಲೆ ಕೈ ಹೊತ್ತು ಕೂತ.

ಕರೆಯದಿದ್ದರೂ ಬರುವ ಪಕ್ಕದ ಅಂಗಡಿಯ ಟೈಲರ್ ಆಗಲೇ ಹಾಜರಾಗಿದ್ದ. “ಭಾವ, ನೀವು ಪರದೆ ಹಿಂದೆ ನಿಂತು ಇಸ್ತ್ರಿ ಮಾಡಿ. ಇವನು ತಂದು ಕೊಡಲಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಮ್ಯಾನೇಜರ್ ಮೇಡಂ ಭಾವನ ಮುಖ ನೋಡಿದವರಲ್ಲ. ಬಂದವರೇ ತಮ್ಮ ಕೋಟು ಬಿಚ್ಚಿ ಕೊಟ್ಟರು. “ಇದಕ್ಕೆ ಇಸ್ತ್ರಿ ಹಾಕಿ, ನೋಡೋಣ.”

“ಯಾರಾದ್ರೂ ನೋಡ್ತಿದ್ರೆ ನನಗೆ ಕೈ ನಡುಗುತ್ತೆ ಮೇಡಂ” ಎಂದು ಭಾವಮೈದ ಪರದೆಯ ಹಿಂದೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಕೋಟು ಮದುಮಗನ ಹಾಗೆ ಹೊರಗೆ ಬಂತು.

“ಭೇಷ್! ಹಳೇ ಮಾಲೀಕರೆಲ್ಲಿ?”

“ಊರಲ್ಲಿಲ್ಲ” ಎಂದ ಭಾವಮೈದ. “ಆಸ್ಪತ್ರೇಲಿದಾರೆ” ಎಂದ ಟೈಲರ್. ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಬೇರೆ ಊರಿನ ಆಸ್ಪತ್ರೇಲಿ!” ಎಂದರು.

ಅಷ್ಟರಲ್ಲಿ ಭಾವನ ಮೂಗಿಗೆ ಸೋಪಿನ ಪುಡಿ ಹೊಕ್ಕಿತು. ಅವನು ಸೀನಿದ ಹೊಡೆತಕ್ಕೆ ಪರದೆ ಹಾರಿ ಮತ್ತೆ ಕೂತಿತು.

“ಯಾರದು?”

“ಅದು... ನಮ್ಮ ಆಳು ಮೇಡಂ.”

“ತುಂಬಾ ನಿಯತ್ತಿನ ಆಳು,” ಟೈಲರ್ ಒಗ್ಗರಣೆ ಹಾಕಿದ. “ಬೈದ್ರೂ ಬಿಟ್ಟು ಹೋಗಲ್ಲ.”

ಒಳಗೆ ಭಾವ ಹಲ್ಲು ಕಡಿದ. ಆದರೆ ಮೇಡಂ ಮುಖ ಅರಳಿತು. “ಮೊದಲೇ ಹೇಳೋದಲ್ವಾ? ಈ ಸಾಲ ಕೊಡೋದೇ ನಾಲ್ಕು ಜನಕ್ಕೆ ಕೆಲಸ ಸಿಗಲಿ ಅಂತ. ಇವತ್ತಿಂದ ಸಾಲ, ಅಂಗಡಿ ಎರಡೂ ನಿಮ್ಮದೇ.”

ಭಾವನಿಗೆ ಕುಣಿದಾಡುವಷ್ಟು ಖುಷಿ. ಹೆಗಲ ಮೇಲಿನ ಬೆಟ್ಟ ಇಳಿದಿತ್ತು.

ಮೇಡಂ ಬಾಗಿಲಲ್ಲಿ ನಿಂತು ತಿರುಗಿದರು. “ಒಂದೇ ಷರತ್ತು. ಸಾಲ ತೀರೋ ತನಕ ಆ ಆಳನ್ನ ತೆಗೆಯೋ ಹಾಗಿಲ್ಲ. ನನ್ನ ಬಟ್ಟೆ ಇನ್ಮೇಲೆ ಇಲ್ಲಿಗೇ ತರ್ತೀನಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ.”

ಅವರು ಹೋದ ಮೇಲೆ ಭಾವ ಪರದೆ ಸರಿಸಿ ಹೊರಬಂದ. ಟೈಲರ್‌ಗೆ ತಟ್ಟನೆ ತನ್ನ ಅಂಗಡಿ ನೆನಪಾಯಿತು. ಭಾವಮೈದ ಭಾವನ ಕೈ ಹಿಡಿದುಕೊಂಡ. “ತಪ್ಪಾಯ್ತು ಭಾವ. ತಿಂಗಳ ಸಂಬಳ ಕೊಡ್ತೀನಿ, ವಾರಕ್ಕೊಂದು ರಜ. ಇಸ್ತ್ರಿ ನನಗೂ ಕಲಿಸಿ, ಸೊಂಟಕ್ಕೆ ಬಿಡುವು ಸಿಗುತ್ತೆ.”

ಬೈಯಲು ಹೊರಟಿದ್ದ ಭಾವ ಬೆರಳು ಮಡಚಿ ರಜ ಎಣಿಸತೊಡಗಿದ. ಮಾಲೀಕನಾಗಿದ್ದಾಗ ಭಾವ ರಜದ ಮುಖವನ್ನೇ ಕಂಡವನಲ್ಲ. ಹುಡುಗ ಒಳ್ಳೆಯವನು, ಉದ್ಧಾರವಾಗುತ್ತಾನೆ ಅನ್ನಿಸಿ ಮನಸ್ಸು ತಂಪಾಯಿತು.

ಸಂಜೆ ಮನೆಗೆ ಬಂದರೆ ಹೆಂಡತಿ ಕಿಟಕಿಯಲ್ಲಿ ನಿಂತು ನೆರೆಮನೆಯಾಕೆಗೆ ಹೇಳುತ್ತಿದ್ದಳು: “ಅಂತೂ ನಮ್ಮನೆಯವರಿಗೂ ಒಂದು ಕೆಲಸ ಅಂತ ಸಿಕ್ತು ಕಣ್ರೀ. ಎಲ್ಲಾ ನನ್ನ ತಮ್ಮನ ದಯೆ!”