ಬೀದಿಗಿಳಿದ ನವಿಲು

"ಕಮಲಾಕ್ಷಮ್ಮ, ಬೇಗ ಬನ್ನಿ! ಗೇಟಿನ ಹತ್ರಾನೇ ನಿಂತ್ಕೊಳ್ಳಿ, ಒಳಗೆ ಕಾಲಿಡಬೇಡಿ!"

ಪಕ್ಕದ ಮನೆ ಶಿವನಂಜಣ್ಣ ಕೂಗಿದರೆಂದು ಒಲೆ ಮೇಲಿನ ಉಪ್ಪಿಟ್ಟು ಬಿಟ್ಟು ಓಡಿದೆ. ಹೋದ ಸಲ ಅವರು ಹೀಗೆ ಕೂಗಿದಾಗ, ತಾನೇ ದೋಸೆ ಮಗುಚುವ ಅವರ ಕಾವಲಿ ದೋಸೆಯನ್ನು ನಮ್ಮ ಮಾಳಿಗೆಗೆ ಎಸೆದಿತ್ತು!

ಮದುವೆ ವಿಡಿಯೋಗಳಿಗೆ ಕಂಪ್ಯೂಟರಿನಲ್ಲಿ ಹೆಸರು, ಹೂವು, ಬಳ್ಳಿ ಕುಣಿಸುವುದು ಅವರ ಕಸುಬು. ಪರದೆ ಮೇಲೆ ಒಂದು ಗೆರೆ ಎಳೆದು, ದಪ್ಪ ಮಾಡಿ, ಸಣ್ಣ ಮಾಡಿ, ಒಂದು ಹೂವನ್ನು ನೂರು ಮಾಡಿ ಓಡಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಈಗ ಪರದೆ ಸಾಲದೆ ನೆಲಕ್ಕಿಳಿದಿದ್ದರು. ಹಳೇ ಸ್ಕ್ಯಾನರ್, ಡಿಶ್ ಆಂಟೆನಾ, ಕುಕ್ಕರಿನ ಮುಚ್ಚಳ ಸೇರಿಸಿ ಕಟ್ಟಿದ ಯಂತ್ರವೊಂದು ಅವರ ಬಾಗಿಲಲ್ಲಿ ಗುಂಯ್‌ಗುಡುತ್ತಿತ್ತು.

"ನೆಲಕ್ಕೆ ಬಳಿದ ಬಣ್ಣಾನ ಇದು ಓದುತ್ತೆ. ಯಾವ ಗೆರೆ ಮೊದಲು, ಯಾವುದು ಆಮೇಲೆ, ಕೈ ಎಲ್ಲಿ ನಿಂತಿತ್ತು, ಎಲ್ಲಾ! ನಾನು ಪರದೇಲಿ ಗೆರೆ ತಿದ್ದಿದ್ರೆ ನೆಲದಲ್ಲೂ ತಿದ್ದುತ್ತೆ!"

"ಯಾವ ಬಣ್ಣ ಅಣ್ಣ?" ಎಂದು ಬಗ್ಗಿ ನೋಡಿದೆ. ಯಂತ್ರದ ಕಣ್ಣು ದಾಕ್ಷಕ್ಕನ ನವಿಲಿನ ಮೇಲಿತ್ತು.

ದಾಕ್ಷಾಯಿಣಿ ಅವರ ಹೆಂಡತಿ. ಹೋದ ಗೌರಿ ಹಬ್ಬಕ್ಕೆ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಬಿಳಿ ಪೇಂಟಿನಲ್ಲಿ ನವಿಲಿನ ರಂಗೋಲಿ ಬಿಡಿಸಿದ್ದಳು. ದೀಪಾವಳಿಗೆ ಅವಳೇ ಇರಲಿಲ್ಲ. ಬಿಸಿಲಿಗೆ, ಮಳೆಗೆ ಸವೆದು ಈಗ ಅರ್ಧ ನವಿಲು ಉಳಿದಿತ್ತು. ಮಳೆ ಬಂದರೆ ಶಿವನಂಜಣ್ಣ ಅದಕ್ಕೆ ಛತ್ರಿ ಹಿಡಿದು ಕೂರುತ್ತಿದ್ದರು. ಮೇಲೆ ಇನ್ನೊಂದು ಸಲ ಬಣ್ಣ ಬಳಿಸಿ ಅಂದರೆ, "ಆಗ ಅದು ಅವಳ ಕೈಯದ್ದಾಗಲ್ಲ ಕಣಮ್ಮ" ಎನ್ನುತ್ತಿದ್ದರು.

ಅವರು ಮೌಸ್ ಎಳೆದರು. ಅಬ್ಬಬ್ಬಾ! ಮಾಸಿದ ಗೆರೆಗಳೆಲ್ಲ ಈಗಷ್ಟೇ ಬಳಿದ ಹಾಗೆ ಬೆಳ್ಳಗೆ ಎದ್ದು ಬಂದವು!

"ಆ ಬಲಗಡೆ ಗರಿ ಸೊಟ್ಟಗಿದೆಯಲ್ಲಣ್ಣ, ಅದನ್ನೂ ನೆಟ್ಟಗೆ ಮಾಡಿಬಿಡಿ."

"ಅದರ ತಂಟೆಗೆ ಹೋಗಬೇಡಿ! ಅದನ್ನ ಎಳೀವಾಗ ಕುಕ್ಕರ್ ಕೂಗಿ ಅವಳು ಬೆಚ್ಚಿಬಿದ್ದು, ಆರಿಸೋಕೆ ಒಳಗೆ ಓಡಿದ್ಳು. ಸೊಟ್ಟಗೇ ಇರಲಿ!"

ಅಷ್ಟಕ್ಕೆ ನಿಲ್ಲಿಸಬಾರದಿತ್ತೆ? "ಮಳೆ ಬೀಳದ ಕಡೆ, ಒಳಗೊಂದು ಕಾಪಿ ಇರಲಿ" ಎಂದು ರಿಪೀಟ್ ಒತ್ತಿದರು. ಯಂತ್ರದ ಕಣ್ಣು ಒಳಗೆ ತಿರುಗುವ ಬದಲು ಹೊರಗೆ ತಿರುಗಿತು. ನವಿಲುಗಳು ಒಂದರ ಹಿಂದೊಂದು ಗೇಟು ದಾಟಿ ಬೀದಿಗಿಳಿದವು. ನಮ್ಮ ಮೆಟ್ಟಿಲು ಹತ್ತಿದವು. ಎದುರು ಮನೆ ತಿಮ್ಮೇಗೌಡರ ಸ್ಕೂಟರ್ ಸೀಟಿನ ಮೇಲೊಂದು, ಒಣಹಾಕಿದ್ದ ಪಂಚೆ ಮೇಲೆರಡು, ಕೊನೆಗೆ ಅವರ ಬೊಕ್ಕ ತಲೆಯ ಮೇಲೊಂದು ಪುಟಾಣಿ ನವಿಲು!

ಆಗ ಶುರುವಾಯಿತು ನೋಡಿ ಫಜೀತಿ. ಬೀದಿಗೆ ಬೀದಿಯೇ ರಂಗೋಲಿ! ತುಳಿಯುವವರು ಯಾರು? ಸ್ಕೂಲಿನ ಮಕ್ಕಳು, ಆಫೀಸಿನವರು ಎಲ್ಲರೂ ಅವರವರ ಬಾಗಿಲಲ್ಲೇ ನಿಂತರು.

"ರೀ ಶಿವನಂಜಪ್ಪ!" ತಿಮ್ಮೇಗೌಡರು ಒಂಟಿಕಾಲಲ್ಲಿ ನಿಂತು ಬೊಬ್ಬೆ ಹೊಡೆದರು. "ನಡೆಯೋ ಹಂಗಿಲ್ಲ, ಗಾಡಿ ಹತ್ತೋ ಹಂಗಿಲ್ಲ! ಬ್ಯಾಂಕಿಗೆ ಹಾರ್ಕೊಂಡು ಹೋಗ್ಲಾ?"

"ಬರೀ ಕಾಪಿ ಗೌಡ್ರೆ, ತುಳ್ಕೊಂಡು ಹೋಗಿ!" ಎಂದೆ.

"ಮೊದಲು ನೀವು ತುಳೀರಮ್ಮ ನೋಡಣ!"

ನನಗೂ ಕಾಲು ಏಳಲಿಲ್ಲ.

ಅಷ್ಟರಲ್ಲಿ ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಓಡಿಸುವ ನಾಗರತ್ನ ಗಕ್ಕನೆ ಬ್ರೇಕ್ ಹಾಕಿದಳು. "ಕಸದ ಗಾಡೀನ ರಂಗೋಲಿ ಮೇಲೆ ಹತ್ತಿಸ್ಲಾ? ನನ್ ಕೈಲಾಗಲ್ಲಪ್ಪ!" ಎಂದು ಹಿಂದಕ್ಕೆ ಹೊರಟೇಬಿಟ್ಟಳು. ನವಿಲುಗಳು ಗಾಡಿಯನ್ನೂ ಅಟ್ಟಿಸಿಕೊಂಡು ಹೋದವು.

"ಅನ್‌ಡೂ ಒತ್ತಿ ಅಣ್ಣ, ಅನ್‌ಡೂ!"

ಒಂದೊಂದೇ ಅಳಿಸಿದರೆ ಸಂಜೆಯಾಗುತ್ತಿತ್ತು. ಬೀದಿಯವರ ಬೈಗುಳಕ್ಕೆ ಕಂಗಾಲಾಗಿ ಶಿವನಂಜಣ್ಣ ಗುಂಡಿಯನ್ನು ಅದುಮಿ ಹಿಡಿದರು. ನವಿಲುಗಳು ಪಟಪಟನೆ ಮಾಯವಾದವು. ಗೌಡರ ತಲೆ ಮತ್ತೆ ಬರಿದಾಯಿತು. ಜನ ಕೆಲಸಕ್ಕೆ ಹೊರಟರು. ಕೊನೆಯ ಕಾಪಿ ಹೋದ ಕೂಡಲೇ ಶಿವನಂಜಣ್ಣ ಕೈ ತೆಗೆದರು. ಆದರೆ ಆ ದರಿದ್ರ ಯಂತ್ರ ಒತ್ತಿದ್ದನ್ನೆಲ್ಲ ನೆನಪಿಟ್ಟುಕೊಂಡು ಅಳಿಸುತ್ತಲೇ ಇತ್ತು!

"ಬೇಡ! ಬೇಡ! ಅದು ಅವಳದು!" ಎಂದು ಪ್ಲಗ್ ಕಿತ್ತರು. ಯುಪಿಎಸ್ ಇತ್ತಲ್ಲ! ಅದನ್ನೂ ಅವರೇ ಮಾಡಿದ್ದು. ಜನ್ಮದಲ್ಲಿ ಅವರು ಮಾಡಿದ್ದರಲ್ಲಿ ಅದೊಂದು ಮಾತ್ರ ಚೆನ್ನಾಗಿ ಕೆಲಸ ಮಾಡಿತು.

ದಾಕ್ಷಕ್ಕ ಕೊನೆಗೆ ಎಳೆದ ಗೆರೆ ಮೊದಲು ಹೋಯಿತು. ಈಗ ಆತುರವಿರಲಿಲ್ಲ. ಅವಳ ಕೈ ಓಡಿದ ವೇಗದಲ್ಲೇ, ಹಿಂದುಹಿಂದಕ್ಕೆ, ಒಂದೊಂದೇ ಗರಿ ಅಳಿಯಿತು. ಸೊಟ್ಟ ಗರಿಯ ಹತ್ತಿರ ಬಂದು ನಿಂತುಬಿಟ್ಟಿತು. ಕುಕ್ಕರ್ ಆರಿಸಲು ಒಳಗೆ ಹೋಗಿದ್ದಳಲ್ಲ, ಅಷ್ಟು ಹೊತ್ತು. ಶಿವನಂಜಣ್ಣ ಅಡುಗೆಮನೆ ಕಡೆ ತಿರುಗಿ ನೋಡಿದರು.

ಆಮೇಲೆ ಆ ಗರಿಯೂ ಹೋಯಿತು, ಚುಕ್ಕಿಗಳೂ ಹೋದವು. ಯಂತ್ರ ಹೊಗೆ ಉಗುಳಿ ಸತ್ತಿತು. ಅವರು ಬರೀ ಸಿಮೆಂಟಿನ ಮೇಲೆ ಅಂಗೈ ಊರಿ ಬಿಕ್ಕಿ ಬಿಕ್ಕಿ ಅತ್ತರು. ನನಗೂ ದುಃಖ ತಡೆಯಲಾಗಲಿಲ್ಲ. ಉಪ್ಪಿಟ್ಟು ಸೀದ ವಾಸನೆ ಬೀದಿಗೆಲ್ಲ ಹಬ್ಬಿತ್ತು.

ಮರುದಿನ ಕಸ ಹಾಕಲು ಹೋದವಳು ಬಕೆಟ್ ಕೈಬಿಟ್ಟೆ. ನಾಗರತ್ನಳ ಗಾಡಿಯ ಬಾಗಿಲ ಮೇಲೆ ಬೆಳ್ಳನೆಯ ನವಿಲು! ಬಲಗಡೆ ಗರಿ ಸೊಟ್ಟ! ಅನ್‌ಡೂ ಒತ್ತುವ ಹೊತ್ತಿಗೆ ಗಾಡಿ ಯಂತ್ರಕ್ಕೆ ಸಿಗದಷ್ಟು ದೂರ ಹೋಗಿತ್ತು.

"ಅಣ್ಣಾ! ಓಡಿ ಬನ್ನಿ!"

ಅವರು ಬರಿಗಾಲಲ್ಲಿ ಬಂದು ಆ ಗರಿಯನ್ನು ಮುಟ್ಟಿದರು.

"ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಸಾರ್" ಎಂದಳು ನಾಗರತ್ನ.

"ಉಜ್ಜಬೇಡಮ್ಮ. ನಿನ್ನ ದಮ್ಮಯ್ಯ."

ಗಾಡಿ ದಿನಾ ಬೆಳಗ್ಗೆ ಬರುತ್ತದೆ. ಆದರೆ ಒಂಟಿ ಮನುಷ್ಯ, ಅವರ ಮನೆಯಲ್ಲಿ ದಿನಾ ಕಸ ಎಲ್ಲಿಂದ ಬರಬೇಕು? ಮೊದಮೊದಲು ಖಾಲಿ ಬಕೆಟ್ ಹಿಡಿದು ನಿಲ್ಲುತ್ತಿದ್ದರು. ಈಗ ನಾನೂ ತಿಮ್ಮೇಗೌಡರೂ ನಮ್ಮ ಮನೆಗಳ ಕಸವನ್ನು ಅವರ ಬಾಗಿಲಲ್ಲಿಟ್ಟು ಬರುತ್ತೇವೆ. ಹಸಿ ಕಸ ಬೇರೆ, ಒಣ ಕಸ ಬೇರೆ. ಗಾಡಿ ಹತ್ತಿರ ಎರಡು ಸಲ ಹೋಗಬಹುದಲ್ಲ.