ಕುಣಿಯುವ ಲೇತಿನ ಮೇಲೆ ಗೌರಮ್ಮ

ಯಂತ್ರ ಚಿಕ್ಕದಾದಷ್ಟೂ ಅದರ ಜಂಬ ದೊಡ್ಡದು. ಕಬ್ಬಿನ ಗಾಣಕ್ಕೆ ಎತ್ತು ಕಟ್ಟಿದರೆ ಸಾಕು, ಬಡಪಾಯಿಯ ಹಾಗೆ ಸುತ್ತುತ್ತಿರುತ್ತದೆ. ಆದರೆ ಕಾಲಿನಲ್ಲಿ ತುಳಿದು ಮರ ಕಡೆಯುವ ಸಣ್ಣ ಲೇತು ಇದೆಯಲ್ಲ, ಅದು ಹೊಸ ಅಳಿಯನ ಜಾತಿ. ಸದಾ ಮುನಿಸು. ಯಾಕೆ ಮುನಿಸು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಕಿರುಗುಟ್ಟುತ್ತದೆ. ಅಂಥದೊಂದನ್ನು ನಾನು ಮನೆಗೆ ತಂದೆ. ತರಬಾರದಿತ್ತು ಎಂದು ಹೇಳಲಾರೆ. ತಂದ ಮೇಲೆ ಅದನ್ನು ಅಷ್ಟು ಚೆನ್ನಾಗಿ ರಿಪೇರಿ ಮಾಡಬಾರದಿತ್ತು.

ಮಧುಗಿರಿಯ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಆಗಷ್ಟೆ ಪೆನ್ಷನ್ ಪಡೆದು ಮನೆಯಲ್ಲಿ ಕುಳಿತಿದ್ದೆ. ಮದಲೂರು ಕೆರೆಯ ಕೆಲಸಕ್ಕೆ ಬಂದಿದ್ದ ಪರಿಚಯದ ಓವರ್‌ಸಿಯರೊಬ್ಬರು, ವರ್ಗವಾಗಿ ಹೊರಟಾಗ, "ಇದನ್ನು ಹೊತ್ತುಕೊಂಡು ಹೋಗಲಾರೆ ಮೇಷ್ಟ್ರೇ, ನೀವು ಕೈಕೆಲಸದವರು, ಇಟ್ಟುಕೊಳ್ಳಿ" ಎಂದು ಲೇತನ್ನು ನನ್ನ ಗಾಡಿಗೆ ಹಾಕಿಸಿದರು. ಗಾಡಿ ತಿರುವು ದಾಟುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು. ಬೀಳ್ಕೊಡುಗೆ ಎಂದು ನಾನು ಭಾವಿಸಿದ್ದೆ. ಅದು ಲೇತು ವಾಪಸ್ಸು ಬಾರದಿರಲಿ ಎಂಬ ಕಾವಲು ಎಂದು ಆಮೇಲೆ ತಿಳಿಯಿತು.

ಮೊದಲು ತೊಗಲಿನ ಪಟ್ಟಿ ಜಾರಿತು. ನಾನು ತುಳಿಯುತ್ತಿದ್ದೆ, ಕೆಳಗೆ ಚಕ್ರ ಸುತ್ತುತ್ತಿತ್ತು, ಮೇಲೆ ಮರದ ತುಂಡು ಮಾತ್ರ ಅಮಲ್ದಾರರ ಹಾಗೆ ಅಲುಗದೆ ಕುಳಿತಿತ್ತು. ಪಟ್ಟಿಗೆ ರಾಳದ ಪುಡಿ ಉಜ್ಜಿದೆ, ಹಿಡಿದುಕೊಂಡಿತು. ಮರದ ತುದಿಯನ್ನು ಕಚ್ಚಿ ಹಿಡಿಯುವ ಮೊಳೆ ಕಿರ್ರೆಂದು ಕೂಗತೊಡಗಿದಾಗ ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು. ಹೆಂಡತಿ ತಲೆಗೆ ಹಚ್ಚುವ ಎಣ್ಣೆಯ ಕುಡಿಕೆಯಿಂದ ಒಂದು ತೊಟ್ಟು ಹರಳೆಣ್ಣೆ ತಂದು ಬಿಟ್ಟೆ. ಮೊಳೆಯೂ ನಾಯಿಗಳೂ ಸುಮ್ಮನಾದವು. ಉಳಿ ಸಿಕ್ಕಿಕೊಂಡು, ಲಟ್ಟಣಿಗೆ ಆಗಬೇಕಾದದ್ದು ಹಾರಿ ನೀರಿನ ಹಂಡೆಗೆ ಬಡಿಯಿತು. ಉಳಿ ಊರುವ ಕಂಬಿಯನ್ನು ಮರದ ಹತ್ತಿರಕ್ಕೆ ಸರಿಸಿದೆ, ಉಳಿ ಸಿಕ್ಕಿಕೊಳ್ಳುವುದೂ ನಿಂತಿತು. ನನ್ನ ಬುದ್ಧಿಯ ಮೇಲೆ ನನಗೇ ಗೌರವ ಹುಟ್ಟಿತು.

ಉಳಿದದ್ದು ಕುಣಿತ. ಲೇತನ್ನು ಕೂರಿಸಿದ್ದ ಉದ್ದನೆಯ ಮಣೆ ಬಲು ಹಗುರ. ಕಿಟಕಿಯ ಬಳಿ ತುಳಿಯಲು ಶುರು ಮಾಡಿದರೆ, ಮರ ದುಂಡಗಾಗುವ ಹೊತ್ತಿಗೆ ಅದೂ ಅದರ ಹಿಂದೆ ನಾನೂ ಅಡುಗೆಮನೆಯ ಹೊಸಿಲು ಮುಟ್ಟಿರುತ್ತಿದ್ದೆವು. ನನ್ನ ಹೆಂಡತಿ ಗೌರಮ್ಮ ಸೌಟು ಹಿಡಿದು ಹೊರಗೆ ಬಂದಳು. ಅವಳ ತವರು ಪಾವಗಡದ ಕಡೆಯ ನಾಗಲಮಡಿಕೆ; ಬೇಸರ ಬಂದರೆ ಮಾತಿನಲ್ಲಿ ತೆಲುಗು ಇಣುಕುತ್ತದೆ.

"ಇದ್ಯಾಕೆ ಒಳಕ್ಕೆ ಬರ್ತೈತೆ, ಊಟಕ್ಕಾ?" ಎಂದಳು. ನಾನು ಏನೋ ವಿವರಿಸಲು ಹೊರಟೆ. "ಪೋನೀ ಬುಡಿ," ಎಂದು ಸೌಟನ್ನು ಪಕ್ಕಕ್ಕಿಟ್ಟು ಮಣೆಯ ಆ ತುದಿಯಲ್ಲಿ ಕುಳಿತಳು. "ಈಗ ತುಳೀರಿ."

ಲೇತು ಅಲುಗಲಿಲ್ಲ.

ಅಂದಿನಿಂದ ಸಂಜೆ ನಾನು ತುಳಿಯುವುದು, ಅವಳು ಕೂರುವುದು ರೂಢಿಯಾಯಿತು. ಸುಮ್ಮನೆ ಎಷ್ಟು ಹೊತ್ತು ಕೂರುತ್ತಾಳೆ, ಮಾತಾಡತೊಡಗಿದಳು. ಅಲ್ಲಿಯವರೆಗೆ ನಮ್ಮ ಸಂಸಾರದ ಮಾತೆಲ್ಲ ಉಪ್ಪು ಮುಗಿಯಿತು, ಹಸು ಕರು ಹಾಕಿತು, ನೆಂಟರು ಬರುತ್ತಾರೆ ಎಂಬಲ್ಲಿಗೆ ಮುಗಿಯುತ್ತಿತ್ತು. ಹುಡುಗಿಯಾಗಿದ್ದಾಗ ತವರಿನ ಹೊಳೆಯ ಮರಳು ಬಗೆದು ಒರತೆಯ ನೀರು ತುಂಬುವಾಗ ಅವಳು ಹಾಡು ಕಟ್ಟುತ್ತಿದ್ದಳಂತೆ. ಪಕ್ಕದ ಮನೆಯ ಹುಡುಗರಿಗೆ ಅಯ್ಯನವರು ಪಾಠ ಹೇಳುವಾಗ ಗೋಡೆಯಾಚೆ ನಿಂತು ತೆಲುಗು ಅಕ್ಷರ ಕಲಿತಿದ್ದಳಂತೆ. ಅಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವನಿಗೆ ತನ್ನ ಹೆಂಡತಿಗೆ ಓದಲು ಬರುತ್ತದೆಂದು ಗೊತ್ತಿರಲಿಲ್ಲ.

ಒಂದು ಸಂಜೆ ಅವಳು ಅಕ್ಕನ ವಿಷಯ ತೆಗೆದಳು. ಆ ಅಕ್ಕನ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಹಿಂದೂಪುರದ ಕಡೆ ಕೊಟ್ಟಿದ್ರು. ಒಂದಿನ ಮಟಮಟ ಮಧ್ಯಾಹ್ನ ಒಬ್ಳೇ ನಡ್ಕಂಡು ಬಂದ್ಬುಟ್ಳು. ಅಪ್ಪ ಬಾಗಿಲು ಹಾಕಿ, ಯಾರೂ ತೆಗೀಬ್ಯಾಡಿ ಅಂದ. ಆಚೆ ಅಕ್ಕ ನನ್ನ ಹೆಸರು ಹಿಡ್ದು ಕರೀತಾವಳೆ. ಅಗುಳಿ ನನ್ನ ಕೈಗೆ ಎಟುಕ್ತಿತ್ತು."

ಆ ಹೊತ್ತಿಗೆ ನಾನು ಕಡೆಯುತ್ತಿದ್ದ ಕಡೆಗೋಲಿನ ಕತ್ತು ಸಣ್ಣಗಾಗುತ್ತಿತ್ತು. ಕೂದಲೆಳೆ ತಪ್ಪಿದರೂ ಮುರಿಯುತ್ತದೆ. ಅದರ ಮೇಲೇ ಕಣ್ಣು ನೆಟ್ಟು ಮುಗಿಸಿದೆ, ಕತ್ತು ಉಳಿಯಿತು. ತಲೆ ಎತ್ತಿ ನೋಡಿದರೆ ಗೌರಮ್ಮ ದೀಪ ಹಚ್ಚಲು ಎದ್ದು ಹೋಗಿದ್ದಳು. ಉಳಿದ ಕಥೆ ನಾಳೆಗೆ ಎಂದುಕೊಂಡೆ.

ಮರುದಿನ ಕೊರಟಗೆರೆ ಕಡೆಯಿಂದ ಕಲ್ಲು ಸಾಗಿಸುವ ಹನುಮಂತಯ್ಯ ಗಾಡಿ ನಿಲ್ಲಿಸಿ ಒಳಗೆ ಬಂದ. ಗೌರಮ್ಮ ಮಣೆಯ ಮೇಲೆ ಕುಳಿತಿದ್ದುದನ್ನು ನೋಡಿ, "ಏನ್ ಮೇಷ್ಟ್ರೇ, ಅಮ್ಮಾವ್ರನ್ನೇ ಗೂಟ ಮಾಡ್ಕಂಡಿದ್ದೀರಾ?" ಎಂದು ನಕ್ಕ. ಗೌರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ನನಗೆ ನಾಚಿಕೆಯಾಯಿತು. ಅವನು ಗಾಡಿಯಿಂದ ಎರಡು ಚಪ್ಪಡಿ ಇಳಿಸಿ ಮಣೆಯ ಮೇಲೆ ಹೇರಿದ. "ಇನ್ನು ಭೂಮಿ ಅಲುಗಿದ್ರೂ ಇದು ಅಲುಗಾಕಿಲ್ಲ ಬುಡಿ."

ಗೌರಮ್ಮನನ್ನು ಕರೆದು ತೋರಿಸಿದೆ. ಒಂದು ಕೈಯಲ್ಲಿ ಮಣೆಯನ್ನು ದೂಡಿ ನೋಡಿದಳು. "ಚೆನ್ನಾಗೈತೆ," ಎಂದಳು. "ನಂಗೂ ಸೊಂಟ ನೋಯ್ತಿತ್ತು."

ಆಮೇಲೆ ನಾನು ಕಡೆದದ್ದೆಲ್ಲ ಬಲು ಸೊಗಸಾಗಿ ಬಂತು. ನೆಂಟರಿಷ್ಟರಿಗೆಲ್ಲ ಲಟ್ಟಣಿಗೆ ಹಂಚಿದೆ. ಗೌರಮ್ಮ ಸಂಜೆಗಳಲ್ಲಿ ಎದುರುಮನೆ ಈರಮ್ಮನ ಜಗುಲಿಗೆ ಹೋಗತೊಡಗಿದಳು. ನಾನು ಕೆಲವು ದಿನ ತಡೆದುಕೊಂಡು, ಕೊನೆಗೆ ಒಂದು ಚಪ್ಪಡಿಯನ್ನು ಸದ್ದಿಲ್ಲದೆ ಕೆಳಗಿಳಿಸಿ, ಲೇತು ಕುಣಿಯುವಂತೆ ಜೋರಾಗಿ ತುಳಿದು, "ಇಲ್ಲಿ ಬಾ, ಮತ್ತೆ ಶುರುವಾಯಿತು" ಎಂದು ಕೂಗಿದೆ. ಅವಳು ಬಂದು ನೋಡಿದಳು. ಒಳಗಿಂದ ಕಡಲೆಕಾಯಿಯ ಚೀಲವೊಂದನ್ನು ಎಳೆದು ತಂದು ಮಣೆಗೆ ಒರಗಿಸಿದಳು. "ಇದನ್ನ ಇಟ್ಕಳಿ. ನಾನು ಹಪ್ಪಳ ಒತ್ತಾಕೆ ಹೋಗ್ಬೇಕು."

ಆ ರಾತ್ರಿ ಊಟಕ್ಕೆ ಕುಳಿತಾಗ ನಾನೇ ಬಾಯಿಬಿಟ್ಟು ಕೇಳಿದೆ. "ನಿನ್ನ ಅಕ್ಕನ ಕಥೆ ಅರ್ಧಕ್ಕೆ ನಿಂತಿತ್ತಲ್ಲ. ಅಗುಳಿ ತೆಗೆದೆಯೋ ಇಲ್ಲವೋ?"

ಅವಳು ಮುದ್ದೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅರ್ಧಕ್ಕೆಲ್ಲಿ ನಿಂತಿತ್ತು? ಅವತ್ತೇ ಪೂರ್ತಿ ಹೇಳಿದ್ನಲ್ಲ," ಎಂದಳು. "ನಾನು ಅಳ್ತಾ ಹೇಳ್ತಿದ್ದೆ. ನೀವು ತುಳೀತಾ ತುಳೀತಾ ಹೂಂ, ಹೂಂ ಅಂತಿದ್ರಿ."

"ಇನ್ನೊಂದು ಸಲ ಹೇಳು."

"ಒಂದು ಸಲ ಹೇಳೋಕೇ ಇಷ್ಟು ವರ್ಷ ಆಯ್ತು ಕಣ್ರೀ." ಸಾರಿನ ಪಾತ್ರೆ ಎತ್ತಿಕೊಂಡಳು. "ಸಾರು ಬಿಡ್ಲಾ?"

ನನ್ನ ಬಾಯಿಂದ ಹೊರಬಿದ್ದದ್ದು "ಹೂಂ" ಎಂಬುದೊಂದೇ.